ಐದು ಗಂಟಿನ ಕಿಟಕಿ

ಶಹಾಪುರದ ಹಳೆ ಪೇಟೆಯಲ್ಲಿ ಪೈಪು, ನಲ್ಲಿಗಳ ಅಂಗಡಿ ಇಟ್ಟಿದ್ದ ನೀಲಕಂಠನ ಮನೆಗೆ ಕಿಟಕಿಗಳು ಐದು. ಅವುಗಳ ಸೊಳ್ಳೆ ಜಾಳಿಗೆಯಲ್ಲಿ ತೂತುಗಳು ಎಷ್ಟೆಂದು ಯಾರೂ ಎಣಿಸಿರಲಿಲ್ಲ. ಅಡುಗೆಮನೆಯದನ್ನು ಬೆಕ್ಕು ಹರಿದಿತ್ತು. ಪಡಸಾಲೆಯದನ್ನು ಕೋತಿಯೊಂದು ಹರಿದು, ಒಳಗೆ ಬಂದು, ಟಿವಿಯ ರಿಮೋಟು ಒಯ್ದು, ಮೂರನೆಯ ದಿನ ಅದೇ ತೂತಿನಿಂದ ವಾಪಸು ಎಸೆದಿತ್ತು. ತನ್ನ ಕೋಣೆಯದಕ್ಕೆ ನೀಲಕಂಠನೇ ಪೈಪಿಗೆ ಹಚ್ಚುವ ಅಂಟಿನಿಂದ ಪ್ಲಾಸ್ಟಿಕ್ ಚೀಲದ ತೇಪೆ ಹಾಕಿದ್ದ. ಅಂಟು ಜಾಳಿಗೆಯನ್ನೇ ತಿಂದು ತೂತನ್ನು ಇನ್ನಷ್ಟು ಅಗಲ ಮಾಡಿತ್ತು. ಸಂಜೆಯಾದರೆ ಮನೆಮಂದಿ ಮೈ ಕೈ ಬಡಿದುಕೊಳ್ಳುವ ಸಪ್ಪಳ ಬೀದಿಗೆ ಕೇಳಿ, ಒಳಗೆ ಭಜನೆ ನಡೆದಿದೆಯೆಂದು ಚಪ್ಪಲಿ ಬಿಟ್ಟು ಬಂದವರೂ ಉಂಟು.

ನೀಲಕಂಠನ ತಾಯಿ ಭೀಮಾಬಾಯಿ ಒಂದು ಸಂಜೆ ತನ್ನ ಗಲ್ಲಕ್ಕೆ ತಾನೇ ಹೊಡೆದುಕೊಂಡು ಸಿಟ್ಟಿಗೆದ್ದಳು.

“ಊರ ಮಂದಿಗೆಲ್ಲಾ ನಲ್ಲಿ ಸೋರದಂಗ ಮಾಡ್ತಿ. ನಿನ್ನ ಮನಿ ಸೋರಾಕತ್ತದ, ಕಾಣವಲ್ದೇನು?”

“ಮನಿ ಎಲ್ಲಿ ಸೋರತದವ್ವಾ?”

“ಗುಂಗಾಡ ಸೋರತಾವ!”

ಹೀಗೆ, ಸೊಳ್ಳೆ ಸೋರುವುದನ್ನು ನಿಲ್ಲಿಸಲು, ಕಿಟಕಿಗೆ ಜಾಳಿಗೆ ಹಾಕುವ ಇನಾಯತನಿಗೆ ಕರೆ ಹೋಯಿತು.

ಈ ಮಾತುಕತೆಯನ್ನೆಲ್ಲ ಕೇಳುತ್ತ ಕೋಣೆಯ ಬಾಗಿಲಲ್ಲಿ ನಿಂತವಳು ನೀಲಕಂಠನ ಮಗಳು ಗುರುದೇವಿ. ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಎಂ.ಎ. ಮುಗಿಸಿ ಬಂದು ವರ್ಷವಾಗಿತ್ತು. ಅವಳಿಗೆ ಮಾತು ಬರುತ್ತಿರಲಿಲ್ಲ ಎಂದಲ್ಲ. ಅವಳ ಮಾತು ಹೊರಗೆ ಹೊರಡುವ ಮುಂಚೆ ತಲೆ ಬಾಚಿಕೊಂಡು, ಸೆರಗು ಸರಿ ಮಾಡಿಕೊಂಡು, ಎರಡು ಸಲ ಕನ್ನಡಿ ನೋಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಿದ್ದರು. ಮಗಳ ಮೌನವನ್ನು ಓದಿ ಮನೆಯವರಿಗೆ ಹೇಳುತ್ತಿದ್ದವಳು ತಾಯಿ ಒಬ್ಬಳೇ. ಆ ತಾಯಿ ತಂಗಿಯ ಬಾಣಂತನಕ್ಕೆಂದು ಗುರುಮಠಕಲ್ಲಿಗೆ ಹೋಗಿ ತಿಂಗಳಾಗುತ್ತ ಬಂದಿತ್ತು. ಇನ್ನು ಗುರುದೇವಿ ತಡವರಿಸದೆ ಮಾತಾಡುತ್ತಿದ್ದುದು ಪಕ್ಕದ ಮನೆಯ ಲಕ್ಷ್ಮಿಯ ಮಗಳು, ಏಳು ವರ್ಷದ ಮಲ್ಲೇಶ್ವರಿಯ ಜೊತೆಗಷ್ಟೇ. ಆ ಹುಡುಗಿ ದಿನವೂ ಪಡಸಾಲೆಯ ಕಿಟಕಿಯ ಸರಳು ಹಿಡಿದು ಹೊರಗಿನಿಂದ ಜೋತುಬಿದ್ದು, ಕೋತಿ ಮಾಡಿದ ತೂತಿನಲ್ಲಿ ಮೂಗು ತೂರಿಸಿ ಶಾಲೆಯ ಸುದ್ದಿ ಹೇಳುತ್ತಿತ್ತು. ಮೂಗಿನೊಂದಿಗೆ ಮಾತಾಡುವುದು ಗುರುದೇವಿಗೆ ಸುಲಭವಿತ್ತು.

ಶನಿವಾರ ಇನಾಯತ ಬಂದ. ಬಂದವನೇ ಚೀಲದಿಂದ ಟೇಪು ತೆಗೆಯಲಿಲ್ಲ, ಜಾಜಿನ ಕೆಮ್ಮಣ್ಣಿನಲ್ಲಿ ಅದ್ದಿ ಕೆಂಪಗಾಗಿದ್ದ ಹತ್ತಿಯ ದಾರದ ಉಂಡೆ ತೆಗೆದ.

“ಟೇಪ್ ತಂದಿಲ್ಲೇನು ಇನಾಯತಭಾಯಿ?” ಎಂದ ನೀಲಕಂಠ.

“ಟೇಪ್ ಸುಳ್ಳ ಹೇಳ್ತದ್ರಿ ಸಾವಕಾರ್ರೆ. ಬ್ಯಾಸಗ್ಯಾಗ ಒಂದು ಹೇಳ್ತದ, ಮಳಿಗಾಲದಾಗ ಒಂದು ಹೇಳ್ತದ. ದಾರಕ್ಕ ಬಾಯಿಲ್ಲ, ಹ್ಯಾಂಗ ಸುಳ್ಳ ಹೇಳ್ತದ?”

ಓಣಿಯ ಮನೆಗಳನ್ನೆಲ್ಲ ಒಬ್ಬನೇ ಗೌಂಡಿ ಕಟ್ಟಿದ್ದರಿಂದ ಕಿಟಕಿಗಳ ಎತ್ತರ ಇನಾಯತನಿಗೆ ಬಾಯಿಪಾಠವಿತ್ತು. ಬೇಕಾಗಿದ್ದುದು ಅಗಲ ಮಾತ್ರ. ನೀಲಕಂಠ ಅಂಗಡಿಗೆ ಹೋದ, ಭೀಮಾಬಾಯಿ ಮೊದಲೇ ಸಂತೆಗೆ ಹೋಗಿದ್ದಳು. ದಾರದ ಒಂದು ತುದಿಯನ್ನು ಗುರುದೇವಿಯ ಕೈಗೆ ಕೊಟ್ಟು, ತಾನೊಂದು ತುದಿ ಹಿಡಿದು ಅಳೆದು, ಕತ್ತರಿಸಿ, ಗಂಟು ಹಾಕುತ್ತ ಹೋದ. ಅಡುಗೆಮನೆಯ ದಾರಕ್ಕೆ ಒಂದು ಗಂಟು, ಭೀಮಾಬಾಯಿಯ ಕೋಣೆಗೆ ಎರಡು, ನೀಲಕಂಠನದಕ್ಕೆ ಮೂರು, ಗುರುದೇವಿಯದಕ್ಕೆ ನಾಲ್ಕು, ಎಲ್ಲಕ್ಕಿಂತ ಅಗಲವಾದ ಪಡಸಾಲೆಯದಕ್ಕೆ ಐದು. ಆಮೇಲೆ ಹರಿದ ಜಾಳಿಗೆಗಳನ್ನು ಚೌಕಟ್ಟಿನ ಸಮೇತ ಕಿತ್ತು ಗುಜರಿಯವನ ಆಟೋದಲ್ಲಿ ಹೇರಿದ. ಕಿಟಕಿಗಳಲ್ಲಿ ಬರೀ ಸರಳು ಉಳಿದವು.

“ಇದ ನೋಡ್ರಿ ತಂಗಿ, ನಾ ಹಿಂಗೇ ಸುರಪುರ ಬಸ್ ಹತ್ತವ. ಅಲ್ಲಿ ಹಾಸ್ಟೆಲ್ ಕೆಲಸ ಅದ, ಬರೂದು ಹದಿನೈದು ದಿನ. ಖಿಡಕಿ ಮಾಪು ಅಂದ್ರ ಈ ಐದು ದಾರ, ನಾಳಿ ನಮ್ಮ ಅಂಗಡಿಗಿ ಮುಟ್ಟಸ್ರಿ. ನಮ್ಮಾಕಿ ಅರ್ಜುಮಂದ ಜಾಳಗಿ ಕತ್ತರಿಸಿ ಇಡ್ತಾಳ. ಸಂಭಾಳಿಸಿ ಇಡ್ರಿ, ಹಾಂ? ಅಳದ ಖಿಡಕಿಗಿ ನಾ ಎರಡನೇ ಸಲ ದಾರ ಹಿಡಿಯಂಗಿಲ್ಲ. ನಮ್ಮ ಉಸ್ತಾದಂದು ಆಣಿ ಅದ.”

ಗುರುದೇವಿ ತಲೆಯಾಡಿಸಿದಳು. ಸಂಭಾಳಿಸಿ ಇಡಬೇಕೆಂದರೆ ಎಲ್ಲಿ? ಮನೆಯಲ್ಲಿ ಯಾರೂ ಕೈ ಹಾಕದ ಜಾಗ ಒಂದೇ, ದೇವರ ಜಗಲಿ. ಅಲ್ಲಿ ವಿಭೂತಿಯ ಗಟ್ಟಿ ಇಡುವ ಮಾಡದ ಪಕ್ಕದ ಮೊಳೆಗೆ ಐದೂ ದಾರ ನೇತುಹಾಕಿ ಹೋಗಿ ಮಲಗಿದಳು.

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಹಿಂದಿನ ಸೋಮವಾರ ಮಠದಿಂದ ಭಿಕ್ಷೆಗೆ ಬಂದಿದ್ದ ವಿಶ್ವರಾಧ್ಯ ಅಯ್ಯನವರ ಮುಂದೆ ಭೀಮಾಬಾಯಿ ಕಣ್ಣೀರು ಹಾಕಿದ್ದಳು. “ನಮ್ಮ ಹುಡುಗಿ ಓದಿ ಬಂದಾಳ, ಬಾಯೇ ಬಿಡವಲ್ಲಳ್ರಿ ಅಯ್ನೋರ. ನೋಡಾಕ ಬಂದವರು ಮೂಕಿ ಅಂತ ತಿಳದು ಎದ್ದು ಹೋಗ್ತಾರ.” ಅಯ್ಯನವರು ಮುಂದಿನ ಸಲ ಬರುವಾಗ ದಾರ ಮಂತ್ರಿಸಿ ತರುತ್ತೇನೆ ಎಂದಿದ್ದರು.

ರವಿವಾರ ಬೆಳಿಗ್ಗೆ ಪೂಜೆಗೆ ಕೂತ ಭೀಮಾಬಾಯಿ ತಲೆ ಎತ್ತಿದರೆ ಮೊಳೆಯಲ್ಲಿ ಕೆಂಪು ದಾರ. ಒಂದಲ್ಲ, ಐದು. ಅದೂ ಗಂಟು ಹಾಕಿದ್ದು. ತಾನು ನಿದ್ದೆಯಲ್ಲಿದ್ದಾಗ ಅಯ್ಯನವರು ಬಂದು, ಎಬ್ಬಿಸಲಾರದೆ ಇಟ್ಟು ಹೋಗಿದ್ದಾರೆ! ಒಂದು ಕೇಳಿದರೆ ಐದು ಕೊಟ್ಟಿದ್ದಾರೆ! ಮುದುಕಿ ಜಗಲಿಗೆ ಹಣೆ ಹಚ್ಚಿ, ಒಂದು ಗಂಟಿನ ದಾರ ತೆಗೆದುಕೊಂಡು, ಆಗಷ್ಟೇ ಎದ್ದು ಬಂದ ಮೊಮ್ಮಗಳ ಕೈ ಹಿಡಿದಳು.

“ತಾ ಇಲ್ಲಿ ಕೈ. ಮಂತ್ರಿಸಿದ ದಾರ ಕತ್ತರಿಸಬಾರದು, ಪೂರಾ ಸುತ್ತಬೇಕು.”

ಮೂರು ಅಡಿಯ ಅಡುಗೆಮನೆ ಕಿಟಕಿ ಗುರುದೇವಿಯ ಮುಂಗೈಗೆ ಆರು ಸುತ್ತು ಬಂತು.

‘ಆಯಿ, ಇದು ಅಡಗಿಮನಿ ಖಿಡಕಿದು.’ ವಾಕ್ಯ ಎದ್ದಿತು. ತಲೆ ಬಾಚಿಕೊಂಡಿತು. ಅಷ್ಟರಲ್ಲಿ ಅಜ್ಜಿ ಎರಡು ಗಂಟಿನ ದಾರ ಹಿಡಿದು ಹಿತ್ತಲಿಗೆ ಹೊರಟಿದ್ದಳು. ಅಲ್ಲಿ ಬೋರಿನ ಮೋಟಾರು ಎಂಟು ದಿನದಿಂದ ಮುನಿಸಿಕೊಂಡು ಕೂತಿತ್ತು. ಭೀಮಾಬಾಯಿ ಅದರ ಕೊರಳಿಗೆ, ಅಂದರೆ ಪೈಪಿಗೆ, ದಾರ ಸುತ್ತಿದಳು. ಅರ್ಧ ತಾಸಿಗೆ ಕರೆಂಟು ಬಂತು, ಮೋಟಾರು ಗುಂಯ್ ಎಂದಿತು. ನೀಲಕಂಠ ಹಿಂದಿನ ದಿನವೇ ಅದರ ಕಂಡೆನ್ಸರು ಬದಲಿಸಿ ಕರೆಂಟಿನ ಹಾದಿ ಕಾಯುತ್ತಿದ್ದ. ಆದರೂ ಅವನು ದಾರ ನೋಡಲಿಲ್ಲ, ತಾಯಿಯ ಮುಖ ನೋಡಿದ; ಅವನಿಗೇ ಅನುಮಾನ ಬಂತು. “ಇದ್ದರೂ ಇರಬಹುದು” ಎಂದು ಅಂಗಡಿಗೆ ಹೋದ.

ಆಮೇಲೆ ತಡೆಯುವುದು ಯಾರ ಕೈಯಲ್ಲೂ ಉಳಿಯಲಿಲ್ಲ. ಮೂರು ಗಂಟಿನದು ಎದುರುಮನೆಯ ಹಣಮಂತಮ್ಮನ ಮೊಣಕಾಲಿಗೆ ಹೋಯಿತು. ನಾಲ್ಕು ಗಂಟಿನದು ಯಾದಗಿರಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮುದನಾಳಕ್ಕೆ ಹೋಗಿ, ಭೀಮಾಬಾಯಿಯ ತಮ್ಮ ವೆಂಕಟಪ್ಪನ ಒದೆಯುವ ಎಮ್ಮೆಯ ಕೊರಳು ಸೇರಿತು. ಸಂಜೆ ವೆಂಕಟಪ್ಪ ಫೋನಿನಲ್ಲಿ ಕೂಗಿದ: “ಅಕ್ಕಾ, ಒದಿಲಿಲ್ಲ! ನನ್ನ ಮಾರಿ ನೋಡಕೋತ ನಿಂತು ಹಾಲು ಕೊಟ್ಟಾಳ!” ಹಣಮಂತಮ್ಮನ ಮೊಣಕಾಲು ದಾರದ ಬಿಗಿಗೆ ಜೋಮು ಹಿಡಿದು ನೋವೇ ತಿಳಿಯದಂತಾಗಿತ್ತು. ಅದೂ ಗುಣವೇ ಎಂದು ಲೆಕ್ಕಕ್ಕೆ ಸೇರಿತು.

ಇತ್ತ ಗುರುದೇವಿಯ ವಾಕ್ಯ ಬೆಳೆಯುತ್ತ ಹೋಯಿತು. ಮೊದಲ ದಾರಕ್ಕೆ ನಾಲ್ಕು ಮಾತು ಸಾಕಿತ್ತು. ಎರಡನೆಯದಕ್ಕೆ, ಮೊದಲೇ ಯಾಕೆ ಹೇಳಲಿಲ್ಲ ಎಂಬುದಕ್ಕೆ ಉತ್ತರ ಸೇರಿಸಬೇಕಾಯಿತು. ಮೂರನೆಯದಕ್ಕೆ ಹಣಮಂತಮ್ಮನ ಕ್ಷಮೆ ಕೇಳಬೇಕಾಯಿತು. ಮುದನಾಳದ ಎಮ್ಮೆಯ ಹೊತ್ತಿಗೆ ಅದು ಎದ್ದು ನಿಂತು, ಮೈಕು ಹಿಡಿದು ಮಾಡಬೇಕಾದ ಭಾಷಣವಾಗಿತ್ತು. ಅಪ್ಪ ರಾತ್ರಿ ಊಟದಲ್ಲಿ “ಮಾಪು ಮುಟ್ಟಿಸಿದೇನವ್ವಾ?” ಎಂದಾಗ ಅವಳು ತಲೆಯನ್ನು ಒಂದು ಥರ ಆಡಿಸಿದಳು. ಹೌದೆಂದೂ, ಇಲ್ಲವೆಂದೂ, ಕುತ್ತಿಗೆ ಉಳುಕಿದೆಯೆಂದೂ ತಿಳಿದುಕೊಳ್ಳಬಹುದಾಗಿತ್ತು. ಅಪ್ಪ ಹೌದೆಂದು ತಿಳಿದ.

ಸೋಮವಾರ ಅಯ್ಯನವರು ತಮ್ಮ ಜೋಳಿಗೆಯಲ್ಲಿ ಒಂದು ಕಪ್ಪು ದಾರ ಇಟ್ಟುಕೊಂಡು ಬಂದರೆ ಮನೆಯ ಮುಂದೆ ಹನ್ನೊಂದು ಮಂದಿ. ಭೀಮಾಬಾಯಿ ಓಡಿಬಂದು ಪಾದಕ್ಕೆ ಬಿದ್ದಳು. “ಅಯ್ನೋರ, ನಿಮ್ಮ ದಾರ ಮೋಟಾರ್ ಸೈತ ಸುರು ಮಾಡ್ಯಾವ್ರಿ!”

ಅಯ್ಯನವರು ಗುರುದೇವಿಯ ಕೈಯಲ್ಲಿದ್ದ ಆರು ಸುತ್ತಿನ ಕೆಂಪು ದಾರ ನೋಡಿದರು. ಗುರುದೇವಿ ಅಯ್ಯನವರನ್ನು ನೋಡಿದಳು. ಆ ಕ್ಷಣದಲ್ಲಿ ಶಹಾಪುರದಲ್ಲಿ ಸತ್ಯ ಗೊತ್ತಿದ್ದವರು ಇಬ್ಬರೇ, ಇಬ್ಬರೂ ಮಾತು ಹುಡುಕುತ್ತಿದ್ದರು. ಕೊನೆಗೆ ಅಯ್ಯನವರು ಕಪ್ಪು ದಾರವನ್ನು ಬೆರಳಿನಿಂದ ಜೋಳಿಗೆಯ ತಳಕ್ಕೆ ತಳ್ಳಿ, “ಎಲ್ಲಾ ಅವನ ಇಚ್ಛಾ” ಎಂದು ಒಂದು ಸೇರು ಜೋಳ ಹಾಕಿಸಿಕೊಂಡು, ಎಂದಿಗಿಂತ ಸ್ವಲ್ಪ ಜೋರಾಗಿ ನಡೆದುಬಿಟ್ಟರು. ಮಾತು ಸಿಗದೇ ಹೋಗುವುದು ತನಗೊಬ್ಬಳಿಗೇ ಅಲ್ಲ ಎಂದು ಗುರುದೇವಿಗೆ ಒಂದು ನಿಮಿಷ ಸಮಾಧಾನವಾಯಿತು.

ಉಳಿದಿದ್ದುದು ಐದು ಗಂಟಿನ ದಾರ. ಬಂದ ಹನ್ನೊಂದು ಮಂದಿಯೂ ಅದನ್ನೇ ಕೇಳಿದರು. ಭೀಮಾಬಾಯಿ ಕೊಡಲಿಲ್ಲ. “ಐದು ಗಂಟಂದ್ರ ದೊಡ್ಡ ಕೆಲಸಕ್ಕ ಇಟ್ಟದ್ದು. ನಿನ್ನ ಅಳಿಯನ ಕುಡಿತ ಬಿಡಸಾಕಲ್ಲ.”

ಆ ದೊಡ್ಡ ಕೆಲಸ ಎಂಟನೆಯ ದಿನ ಬಂತು. ಬರೀ ಸರಳಿನ ಕಿಟಕಿಯಲ್ಲಿ ಈಗ ಮೂಗಷ್ಟೇ ಅಲ್ಲ, ಇಡೀ ಮುಖ ತೂರಿಸಿ ಮಾತಾಡುತ್ತಿದ್ದ ಮಲ್ಲೇಶ್ವರಿ ಆ ದಿನ ಬರಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು. ಗಂಡ ಲಾರಿಯ ಮೇಲೆ ಊರೂರು ತಿರುಗುವವನು, ಲಕ್ಷ್ಮಿ ಒಬ್ಬಳೇ. ಮಗಳನ್ನು ಎತ್ತಿಕೊಂಡು ಓಡಿ ಬಂದಳು. ಭೀಮಾಬಾಯಿ ಐದು ಗಂಟಿನ ದಾರವನ್ನು ಹುಡುಗಿಯ ಸೊಂಟಕ್ಕೆ ಉಡದಾರದ ಹಾಗೆ ಕಟ್ಟಿದಳು. ಪಡಸಾಲೆಯ ಕಿಟಕಿ ಸರಿಯಾಗಿ ಎರಡು ಸುತ್ತು ಬಂತು.

ಎರಡನೆಯ ದಿನ ಜ್ವರ ಇಳಿಯಲಿಲ್ಲ. “ದಾರ ಕೆಲಸ ಮಾಡಾಕತ್ತದ, ಅದಕ್ಕ ಕಾವು” ಎಂದಳು ಹಣಮಂತಮ್ಮ. ಮೂರನೆಯ ದಿನ ಗುರುದೇವಿ ಲಕ್ಷ್ಮಿಯ ಮನೆಯ ಹೊಸ್ತಿಲವರೆಗೆ ಹೋಗಿ ನಿಂತಳು. ಹುಡುಗಿ ಕಣ್ಣು ಬಿಡಲಾರದೆ ಮಲಗಿತ್ತು. “ದೇವಕ್ಕಾ, ಕಣ್ಣಿನ ಹಿಂದ ನೋಯ್ತದ” ಎಂದಿತು. ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚದವಳು ಅಕ್ಷರಕ್ಷರ ಇದೇ ಮಾತು ಹೇಳಿದ್ದಳು. ಅದು ಡೆಂಗೀ ಆಗಿತ್ತು. ಆಕೆಯನ್ನು ಹೈದರಾಬಾದಿಗೆ ಒಯ್ದು ಕಷ್ಟಪಟ್ಟು ಉಳಿಸಿಕೊಂಡಿದ್ದರು.

ಮಾತು ಮತ್ತೆ ತಲೆ ಬಾಚಿಕೊಳ್ಳಲು ಕೂತಿತು. ಗುರುದೇವಿ ಮನೆಗೆ ಓಡಿ, ಒಂದು ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಳು: ‘ಡೆಂಗೀ ಇರಬಹುದು. ಕೂಡಲೇ ರಕ್ತ ತಪಾಸಣೆ ಮಾಡಿಸಿ.’ ಮಡಚಿ ತಂದು ಲಕ್ಷ್ಮಿಯ ಕೈಯಲ್ಲಿಟ್ಟಳು. ಲಕ್ಷ್ಮಿಗೆ ಓದಲು ಬರುತ್ತಿರಲಿಲ್ಲ. ದಾರ ಬಂದ ಮನೆಯಿಂದ ಬಂದ ಚೀಟಿ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಇನ್ನೂ ಸಣ್ಣಗೆ ಮಡಚಿ, ಮಗಳ ಸೊಂಟದ ದಾರಕ್ಕೆ ತಾಯತದ ಹಾಗೆ ಕಟ್ಟಿದಳು.

“ಭಾಳ ಉಪಕಾರ ಆಯ್ತವ್ವಾ” ಎಂದಳು.

ಆ ರಾತ್ರಿಯಿಡೀ ಗುರುದೇವಿ ಅಪ್ಪನಿಗೆ ಹೇಳಬೇಕೆಂದಿದ್ದಳು. ಅಪ್ಪ ಸರಕು ತರಲು ಯಾದಗಿರಿಗೆ ಹೋದವನು ಅಲ್ಲೇ ಉಳಿದಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಲಕ್ಷ್ಮಿ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಪಡಸಾಲೆಗೆ ಬಂದಳು. ಹುಡುಗಿಯ ಕೈ ಮೇಲೆ ಸಣ್ಣ ಕೆಂಪು ಚುಕ್ಕೆಗಳೆದ್ದಿದ್ದವು.

“ಆಯೀ, ದಾರ ಇನ್ನೊಂದು ಅದೇನ್ರಿ? ಆರು ಗಂಟಿಂದು?”

“ಇಲ್ಲವ್ವಾ. ಅಯ್ನೋರಿಗಿ ಹೇಳಿ ಕಳಸ್ತೀನಿ. ಇವೆಲ್ಲಾ ಒಳಗಿನ ಬ್ಯಾನಿ ಹೊರಗ ಬರೂ ಗುರುತು.”

“ನನ್ನ ಮೊಣಕಾಲಂದು ಬಿಚ್ಚಿ ಕೊಡ್ಲೇನು? ಮೂರೂ ಐದೂ ಎಂಟಾಗ್ತದ” ಎಂದು ಹಣಮಂತಮ್ಮ ಸೀರೆ ಎತ್ತತೊಡಗಿದಳು.

“ಅದು ಖಿಡಕಿ ಮಾಪ್!”

ಎಲ್ಲರೂ ತಿರುಗಿ ನೋಡಿದರು. ದನಿ ಎಲ್ಲಿಂದ ಬಂತೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಹಣಮಂತಮ್ಮ ಟಿವಿಯ ಕಡೆ ನೋಡಿದಳು. ಗುರುದೇವಿಯ ಮಾತು ಈ ಸಲ ತಲೆ ಬಾಚಿರಲಿಲ್ಲ, ಸೆರಗೂ ಹೊದ್ದಿರಲಿಲ್ಲ. ಬರಿಗಾಲಲ್ಲಿ ಬೀದಿಗೆ ಬಿದ್ದಿತ್ತು.

“ಮಂತ್ರದ ದಾರ ಅಲ್ಲ ಆಯಿ! ಇನಾಯತ ಕಾಕಾ ಖಿಡಕಿ ಅಳದು ಬಿಟ್ಟು ಹೋದ ದಾರ ಇವು. ಜಗಲಿ ಮ್ಯಾಲ ನಾನೇ ಇಟ್ಟೀನಿ. ಮಲ್ಲಿಗಿ ಆಗಿದ್ದು ಡೆಂಗೀ!”

ಭೀಮಾಬಾಯಿಯ ಕಣ್ಣಲ್ಲಿ ನೀರು ಬಂತು. ಆದರೆ ಅದು ಗುರುದೇವಿ ಹೆದರಿದ್ದ ನೀರಲ್ಲ.

“ಯವ್ವಾ… ಬಾಯಿ ಬಿಟ್ಟಳು! ನನ್ನ ಕೂಸು ಬಾಯಿ ಬಿಟ್ಟಳು! ಅಯ್ನೋರು ಬಾಯಿ ಬಿಡಸ್ತೀನಿ ಅಂದಿದ್ದರು, ಹತ್ತು ದಿನದಾಗ ಬಿಡಸ್ಯಾರ!”

“ಎಷ್ಟ ಛಂದ ದನಿ ಅದ ನೋಡ್ರಿ” ಎಂದಳು ಹಣಮಂತಮ್ಮ. “ಇಷ್ಟು ದಿನ ಎಲ್ಲಿ ಇಟ್ಟಿದ್ದೆವ್ವಾ ಇದನ್ನ?”

“ಆಯಿ, ನಾ ಹೇಳೂದು ಕೇಳು…”

“ಹೇಳವ್ವಾ, ಹೇಳು! ಇನ್ನಷ್ಟು ಹೇಳು!”

ಕೇಳುತ್ತಿದ್ದರು, ಆದರೆ ಹಾಡು ಕೇಳಿದ ಹಾಗೆ. ಗುರುದೇವಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದೂ ಹೊಸದೇ. ಅವಳು ಮುಂಗೈಯ ದಾರವನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಹಣಮಂತಮ್ಮ ‘ಹಾ’ ಎಂದು ಬಾಯಿ ಮುಚ್ಚಿಕೊಂಡಳು. ಗುರುದೇವಿ ಅಡುಗೆಮನೆಗೆ ಓಡಿದಳು, ಎಲ್ಲರೂ ಹಿಂದೆ ಓಡಿದರು. ಅವಳು ದಾರವನ್ನು ಕಿಟಕಿಯ ಈ ತುದಿಯಿಂದ ಆ ತುದಿಗೆ ಎಳೆದು ಹಿಡಿದಳು. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ.

“ನೋಡ್ರಿ! ಈಗರ ನೋಡ್ರಿ!”

ಭೀಮಾಬಾಯಿ ಹತ್ತಿರ ಬಂದು, ದಾರ ಗೋಡೆ ಸೇರುವ ಎರಡೂ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ ಎರಡೂ ಕೈ ಜೋಡಿಸಿದಳು.

“ಅಯ್ನೋರು ಒಂದು ದಿನಾನೂ ನಮ್ಮ ಅಡಗಿಮನ್ಯಾಗ ಕಾಲಿಟ್ಟಿಲ್ಲ. ಮಠದಾಗ ಕೂತು ಖಿಡಕಿ ಅಳತಿ ತಿಳಕೊಂಡಾರ!”

ಲಕ್ಷ್ಮಿ ಮಗಳ ತಲೆಯನ್ನು ಕಿಟಕಿಗೆ ಮುಟ್ಟಿಸಿ ನಮಸ್ಕಾರ ಮಾಡಿಸಿದಳು. ಹುಡುಗಿಯ ತಲೆ ಹಾಗೇ ಪಕ್ಕಕ್ಕೆ ವಾಲಿತು. ಮೂಗಿನಿಂದ ಒಂದು ಹನಿ ರಕ್ತ ಇಳಿದು ಲಕ್ಷ್ಮಿಯ ತೋಳಿನ ಮೇಲೆ ಬಿತ್ತು.

ಗುರುದೇವಿ ಆ ಹನಿ ನೋಡಿದಳು. ಇವರಿಗೆ ನಿಜ ಹೇಳಿ ತಿಳಿಸಲು ಒಂದು ವರ್ಷ ಬೇಕು. ಹುಡುಗಿಗೆ ಒಂದು ತಾಸು ಇದೆಯೋ ಇಲ್ಲವೋ. ಅವಳು ದಾರವನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ಕೈ ಮೇಲೆತ್ತಿದಳು.

“ನನ್ನ ಬಾಯಿ ಬಿಡಿಸಿದ್ದು ದಾರ ಅಂತೀರಿ ಹೌದಿಲ್ಲೋ?”

“ಹೌದವ್ವಾ!”

“ಹಂಗಾರ ಕೇಳ್ರಿ. ದಾರ ಹೇಳ್ತದ, ಈಗಿಂದೀಗ ಮಲ್ಲಿನ್ನ ದೊಡ್ಡ ದವಾಖಾನಿಗಿ ಒಯ್ಯಬೇಕು. ರಕ್ತ ತೋರಸಬೇಕು. ಡಾಕ್ಟರ್ ಹೇಳಿದಂಗ ಕೇಳಬೇಕು. ತಡಾ ಮಾಡಿದ್ರ ದಾರ ಸಿಟ್ಟಾಗ್ತದ!”

ಮೊದಲು ಚಪ್ಪಲಿ ಮೆಟ್ಟಿದವಳು ಭೀಮಾಬಾಯಿ. ಹಣಮಂತಮ್ಮ ಮೊಣಕಾಲನ್ನು ಮರೆತು ಓಣಿಯ ತುದಿಯವರೆಗೆ ಓಡಿ ಆಟೋ ತಡೆದಳು. ಆಟೋದಲ್ಲಿ ಗುರುದೇವಿ ಹುಡುಗಿಯನ್ನು ಮಡಿಲಲ್ಲಿ ಹಾಕಿಕೊಂಡು, “ಎಡಕ್ಕ ಹೊಳ್ಳಸ್ರಿ, ಆ ಲಾರಿ ಹಿಂದ ಹೋಗಬ್ಯಾಡ್ರಿ, ಹಾರ್ನ್ ಹೊಡೀರಿ” ಎಂದು ಒಂದೇ ಸಮ ಹೇಳುತ್ತಿದ್ದಳು. ಡ್ರೈವರ್ ಕನ್ನಡಿಯಲ್ಲಿ ನೋಡಿ, “ಈಕಿ ಯಾವಾಗರ ಸುಮ್ಮ ಕೂಡ್ತಾಳೇನ್ರಿ?” ಎಂದ. ಅಜ್ಜಿಗೆ ಹೆಮ್ಮೆಯೋ ಹೆಮ್ಮೆ.

ದವಾಖಾನೆಯಲ್ಲಿ ರಕ್ತ ತೆಗೆದರು, ಸಲಾಯಿನ್ ಹಚ್ಚಿದರು. ನರ್ಸ್ ಹುಡುಗಿಯ ಲಂಗ ಸಡಿಲಿಸುವಾಗ ಸೊಂಟದ ಚೀಟಿ ಸಿಕ್ಕಿತು. ಬಿಡಿಸಿ ಓದಿದಳು.

“ಯಾವ ಡಾಕ್ಟರ್ ಬರದಾರ ಇದು? ಅಕ್ಷರ ತಿಳಿಯಾಕತ್ತಾವ, ಡಾಕ್ಟರ್ ಇರಾಕಿಲ್ಲ.”

“ಏನ್ ಬರದದ್ರಿ ಅದರಾಗ?” ಎಂದಳು ಲಕ್ಷ್ಮಿ.

ನರ್ಸ್ ಓದಿ ಹೇಳಿದಳು. ಲಕ್ಷ್ಮಿ ಚೀಟಿಯನ್ನು ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಗುರುದೇವಿಯ ಮುಖ ನೋಡಿದಳು.

“ಇದು ನಿನ್ನೆ ಕೊಟ್ಟಿದ್ದೆಲ್ಲವ್ವಾ.”

“ಹೌದಕ್ಕಾ.”

“ಬಾಯ್ಲೆ ಹೇಳಬೇಕಾಗಿತ್ತು.”

ಬೈದ ದನಿಯಲ್ಲ ಅದು. ಅದಕ್ಕೇ ಗುರುದೇವಿಗೆ ತಡೆದುಕೊಳ್ಳಲಾಗಲಿಲ್ಲ. “ಹೌದಕ್ಕಾ. ನನ್ನ ತಪ್ಪು ಅದ. ದಾರ ಅಂಗಡಿಗಿ ಮುಟ್ಟಿಸಿದ್ದರ ಜಾಳಗಿ ಆದರೂ ಬರ್ತಿತ್ತು” ಎಂದಳು, ಅಳುತ್ತ. ಲಕ್ಷ್ಮಿಗೆ ಜಾಳಿಗೆಯ ಮಾತು ತಿಳಿಯಲಿಲ್ಲ. ಅವಳು ಸೆರಗಿನಿಂದ ಗುರುದೇವಿಯ ಮೂಗು ಒರೆಸಿ, ಹೊರಗೆ ಹೋಗಿ ಇಬ್ಬರಿಗೂ ಚಹಾ ತಂದಳು.

ಡಾಕ್ಟರಮ್ಮ ರಿಪೋರ್ಟು ಹಿಡಿದು ಬಂದು, ಡೆಂಗೀ ಹೌದು, ಪ್ಲೇಟ್‌ಲೆಟ್ ಬಹಳ ಇಳಿದಿವೆ, ಇನ್ನೊಂದು ದಿನ ತಡೆದಿದ್ದರೆ ಕೈ ಮೀರುತ್ತಿತ್ತು ಎಂದರು. “ಇಷ್ಟರ ತಿಳದು ಕರಕೊಂಡು ಬಂದವರು ಯಾರು?” ಭೀಮಾಬಾಯಿ, ಹಣಮಂತಮ್ಮ ಇಬ್ಬರೂ ಗುರುದೇವಿಯ ಕಡೆ ಬೆರಳು ತೋರಿಸಿದರು. ಅವಳ ಮುಖದ ಕಡೆ ಅಲ್ಲ, ಮುಷ್ಟಿಯ ಕಡೆ.

ಆರು ದಿನದ ಮೇಲೆ ಮಲ್ಲೇಶ್ವರಿ ಮನೆಗೆ ಬಂತು. ಕಣ್ಣು ದೊಡ್ಡದು ಮಾಡಿಕೊಂಡು, ಮೈಯೆಲ್ಲ ಬತ್ತಿ, ಹ್ಯಾಂಗರಿಗೆ ಹಾಕಿದ ಫ್ರಾಕಿನ ಹಾಗೆ. ಸುರಪುರದಿಂದ ಇನಾಯತನೂ ಬಂದ.

“ಮಾಪು ಎಲ್ಲಿ ಅವ್ರಿ ತಂಗಿ? ಅರ್ಜುಮಂದ ಹಾದಿ ನೋಡಿ ನೋಡಿ ನನಗ ಬೈಲಾಕತ್ತಾಳ.”

ಗುರುದೇವಿ ಎಲ್ಲವನ್ನೂ ಹೇಳಿದಳು, ಒಂದೂ ಬಿಡದೆ, ಅಪ್ಪನ ಎದುರಿಗೇ. ಅವಳಿಗೀಗ ಹೇಳುವುದು ರೂಢಿಯಾಗುತ್ತಿತ್ತು. ನೀಲಕಂಠ ಹಣೆ ಚಚ್ಚಿಕೊಂಡು, “ಹೋಗ್ಲಿ, ಮತ್ತೊಮ್ಮಿ ಅಳೀರಿ” ಎಂದ.

“ಮುಗೀತ್ರಿ ಸಾವಕಾರ್ರೆ. ಉಸ್ತಾದನ ಆಣಿ. ದಾರ ಎಲ್ಲೆಲ್ಲಿ ಅದಾವೋ ಅಲ್ಲೇ ನಾ ಹೋಗ್ತೀನಿ.”

ಹಾಗೇ ಹೋದ. ಮೋಟಾರಿನದನ್ನು ಭೀಮಾಬಾಯಿ ಮಧ್ಯಾಹ್ನ ಮಲಗಿದಾಗ ಬಿಚ್ಚಿ ಅಳೆದು ಮತ್ತೆ ಸುತ್ತಿಟ್ಟರು. ಹಣಮಂತಮ್ಮ ಅಂಗಡಿಗೇ ಹೋಗಿ ಸ್ಟೂಲಿನ ಮೇಲೆ ಕಾಲಿಟ್ಟು ನಿಂತು, ಅರ್ಜುಮಂದಳ ಕೈಯಿಂದ ಸುತ್ತು ಎಣಿಸಿಕೊಂಡು, ಚಹಾ ಕುಡಿದು ಬಂದಳು. ಮುದನಾಳದಿಂದ ವೆಂಕಟಪ್ಪ ಫೋನಿನಲ್ಲಿ, “ನನ್ನ ಗೇಣಿಲೆ ನಾಕು ಗೇಣು. ಬ್ಯಾಡ ಅಂದ್ರ ಎಮ್ಮಿ ಕಳಸ್ತೀನಿ” ಎಂದ.

ಐದು ಗಂಟಿನದು ಮಾತ್ರ ಕಷ್ಟವಾಯಿತು. ಅದನ್ನು ಬಿಚ್ಚಲು ಲಕ್ಷ್ಮಿ ಬಿಲ್‌ಕುಲ್ ಒಪ್ಪಲಿಲ್ಲ. “ಕಟ್ಟಿದಾಗ ಸರೀ ಎರಡು ಸುತ್ತು ಬಂದಿತ್ರಿ, ನನ್ನ ಕಣ್ಣಿಲೆ ನೋಡೀನಿ. ದಾರಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ” ಎಂದಳು. ಇನಾಯತನಿಗೂ ಹಸಿ ಬಾಣಂತಿಯಂತೆ ಸೋತು ಕೂತ ಹುಡುಗಿಯ ಮೈಮೇಲಿನದನ್ನು ಮುಟ್ಟಲು ಮನಸ್ಸಾಗಲಿಲ್ಲ. ಹೊಸ ದಾರ ತೆಗೆದು, ಹುಡುಗಿಯ ಸೊಂಟಕ್ಕೆ ಎರಡು ಸುತ್ತು ಹಿಡಿದು, ಅಷ್ಟಕ್ಕೆ ಗಂಟು ಹಾಕಿಕೊಂಡು ಹೋದ.

ಶುಕ್ರವಾರ ಜಾಳಿಗೆಗಳು ಬಂದವು. ಅಡುಗೆಮನೆಯದು ಅಚ್ಚು ಹೊಡೆದಂತೆ ಕೂತಿತು. ವೆಂಕಟಪ್ಪನ ಗೇಣಿನದು ಒಂದು ಮುಷ್ಟಿ ಹೆಚ್ಚಾಗಿ, ಅರ್ಜುಮಂದ ಬಂದು ಕತ್ತರಿಸಿದಳು. ಪಡಸಾಲೆಯದಕ್ಕೆ ಬಂದಾಗ ಇನಾಯತನ ಬೆವರು ಇಳಿಯತೊಡಗಿತು. ಜಾಳಿಗೆ ಬಲಗಡೆಗೆ ನಾಲ್ಕು ಬೆರಳು ಕಡಿಮೆ.

“ಹ್ಯಾಂಗ ಆಗ್ತದ? ಮೂವತ್ತು ವರ್ಷದಾಗ ನನ್ನ ದಾರ ಒಮ್ಮಿಯೂ ಸುಳ್ಳ ಹೇಳಿಲ್ಲ!”

ಗುರುದೇವಿ ಜಾಳಿಗೆ ನೋಡಿದಳು, ಕಟ್ಟೆಯ ಮೇಲೆ ಕೂತ ಮಲ್ಲೇಶ್ವರಿಯನ್ನು ನೋಡಿದಳು. ದಾರ ಹುಡುಗಿಯ ಸೊಂಟದಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು.

“ದಾರ ಸುಳ್ಳ ಹೇಳಿಲ್ಲ ಕಾಕಾ. ಮಲ್ಲಿ ಸೊರಗ್ಯಾಳ. ಈ ನಾಕು ಬಟ್ಟು ಜ್ವರ ತಿಂದದ್ದು.”

ಓಣಿಯ ಮಂದಿ ಈ ಮಾತನ್ನು ಒಂದು ಗಳಿಗೆ ಬಾಯಲ್ಲಿ ಆಡಿಸಿದರು. ಆಮೇಲೆ ಹಣಮಂತಮ್ಮ ತೀರ್ಪು ಕೊಟ್ಟಳು: “ಹಂಗಾರ ಕೂಸು ತುಂಬಿಕೊಂಡ್ರ ಜಾಳಗಿ ಸರಿ ಆಗ್ತದ.” ಭೀಮಾಬಾಯಿ ಹೌದೆಂದಳು. ಲಕ್ಷ್ಮಿಯೂ ಹೌದೆಂದಳು. ಇನಾಯತ ಇಲ್ಲವೆನ್ನಲು ಬಾಯಿ ತೆರೆದ, ಅರ್ಜುಮಂದ ಅವನ ಅಂಗಿ ಜಗ್ಗಿದಳು. ಮರುದಿನ ಅರ್ಜುಮಂದಳ ಮನೆಯಿಂದ ಕೀಮಾ ಬಾರದೆ, ಈ ಮನೆಯವರು ತಿನ್ನುವುದಿಲ್ಲವೆಂದು ಖೀರು ಬಂತು. ಹಣಮಂತಮ್ಮನ ಮನೆಯಿಂದ ಶೇಂಗಾ ಹೋಳಿಗೆ, ಮುದನಾಳದಿಂದ ಬಸ್ಸಿನಲ್ಲಿ ಎಮ್ಮೆಯ ಗಟ್ಟಿ ಮೊಸರು. ಬಂದವರೆಲ್ಲ ಹುಡುಗಿಗೆ ತಿನಿಸಿ, ಹೋಗುವಾಗ ಕಿಟಕಿಯ ಸಂದಿಯಲ್ಲಿ ಬೆರಳಿಟ್ಟು ನೋಡಿ ಹೋಗುತ್ತಿದ್ದರು.

ಹುಡುಗಿ ಎಷ್ಟು ದಪ್ಪಗಾದರೂ ತಂತಿಯ ಜಾಳಿಗೆ ಬೆಳೆಯುವುದಿಲ್ಲ ಎಂಬ ವಾಕ್ಯ ಗುರುದೇವಿಯ ನಾಲಿಗೆಯ ತುದಿಯಲ್ಲಿ, ಚಪ್ಪಲಿ ಮೆಟ್ಟಿಕೊಂಡು, ಸಿದ್ಧವಾಗಿ ನಿಂತಿತ್ತು. ಅವಳು ಅದನ್ನು ಒಳಗೆ ಕಳಿಸಿ ಬಾಗಿಲು ಹಾಕಿದಳು. ತನ್ನ ಹಳೆ ಓಢಣಿಯೊಂದನ್ನು ಉದ್ದಕ್ಕೆ ಮಡಚಿ, ಚಮಚದ ಹಿಡಿಯಿಂದ ಸಂದಿಗೆ ತುರುಕುತ್ತ ಕೂತಳು.

ಮಲ್ಲೇಶ್ವರಿ ಹೋಳಿಗೆಯ ಎಣ್ಣೆಗೈಯನ್ನು ಜಾಳಿಗೆಯ ಹೊರಗಿನಿಂದ ಒತ್ತಿ ಇಣುಕಿತು.

“ದೇವಕ್ಕಾ, ಇನ್ನ ಎಷ್ಟು ಕಡಿಮಿ ಅದ?”

ಗುರುದೇವಿ ಇನ್ನೂ ಬಟ್ಟೆ ತುರುಕದ ಸಂದಿಯಲ್ಲಿ ನಾಲ್ಕು ಬೆರಳು ಇಟ್ಟಳು. ನಾಲ್ಕೂ ಆರಾಮಾಗಿ ಹಿಡಿದವು.

“ಮೂರು ಬಟ್ಟು” ಎಂದಳು. “ನಿನ್ನೆ ನಾಕಿತ್ತು. ಎದ್ದು ಹೋಗಬ್ಯಾಡ, ಮೊಸರು ತರ್ತೀನಿ ತಡಿ.”